ಗವರ್ನರರಿಗೆ ದೇವರು ಹಿಡಿದದ್ದು

ಅಮೆರಿಕದಲ್ಲಿ ಯಾವ ಪದವಿಗೂ ಧರ್ಮದ ಪರೀಕ್ಷೆ ಇಡಕೂಡದೆಂದು ಸಂವಿಧಾನದಲ್ಲಿ ಸ್ಪಷ್ಟವಾಗಿ ಬರೆದಿದೆ. ಆದಕಾರಣ ಸರ್ಕಾರ ಅಂಥ ಪರೀಕ್ಷೆಯನ್ನು ನಡೆಸುವುದಿಲ್ಲ. ಅದನ್ನು ನಡೆಸುವ ಹೊಣೆಯನ್ನು ಸಾರ್ವಜನಿಕರೇ ಹೊತ್ತುಕೊಂಡಿದ್ದಾರೆ. ಅಧ್ಯಕ್ಷರಾಗಲು ಹೊರಟವರಿಗೆ ಮೊದಲ ಪತ್ರಿಕೆ ನಮ್ಮ ಅಯೋವಾ ರಾಜ್ಯದಲ್ಲಿ, ಜನವರಿ ತಿಂಗಳ ಚಳಿಯಲ್ಲಿ, ಶಾಲೆಗಳ ಸಭಾಂಗಣಗಳಲ್ಲಿ ನೆರೆಹೊರೆಯವರು ಕೂಡಿ ನಡೆಸುತ್ತಾರೆ. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತ ಹಾಕುವ ಈ ಕೂಟಕ್ಕೆ ಕಾಕಸ್ ಎಂದು ಹೆಸರು. ಇದರಲ್ಲಿ ಗೆದ್ದವರೆಲ್ಲ ಅಧ್ಯಕ್ಷರಾಗುತ್ತಾರೆಂದೇನೂ ಇಲ್ಲ. ಸೋತವರು ಮಾತ್ರ ತಪ್ಪದೆ ಮನೆಗೆ ಹೋಗುತ್ತಾರೆ.

ಈ ಪರೀಕ್ಷೆಗೆ ಗವರ್ನರ್ ಪ್ರೆಸ್ಟನ್ ಹ್ಯಾವರ್‌ಲಿಯವರನ್ನು ತಯಾರು ಮಾಡಲು ನೇಮಕಗೊಂಡವನು ಎಲ್ಡನ್ ಕ್ರೌಸ್. ವಯಸ್ಸು ಐವತ್ತಮೂರು, ಹುದ್ದೆ ಶ್ರದ್ಧಾ ನಿರ್ದೇಶಕ. ಒಂಬತ್ತು ವರ್ಷದ ಹಿಂದೆ ಅವನು ಒಂದು ಪುಟ್ಟ ಊರಿನಲ್ಲಿ ಪಾದ್ರಿಯಾಗಿದ್ದ. ಪಕ್ಕದೂರಿನ ಹೈಸ್ಕೂಲಿನ ಮೇಲೆ ಫುಟ್‌ಬಾಲ್ ಪಂದ್ಯವಿದ್ದ ವಾರವೇ ಶತ್ರುಗಳನ್ನು ಪ್ರೀತಿಸಬೇಕೆಂದು ಉಪದೇಶ ಮಾಡಿದ. ಸಭೆಯವರು ಮತ ಹಾಕಿ ಮೂವತ್ತೊಂದಕ್ಕೆ ಏಳರಂತೆ ಅವನನ್ನು ಕಳಿಸಿಕೊಟ್ಟರು. ಆ ಏಳರಲ್ಲಿ ಒಂದು ತನ್ನದೇ ಎಂದು ಎಲ್ಡನ್ ತಾನೇ ನಗುತ್ತಾ ಹೇಳಿಕೊಳ್ಳುತ್ತಿದ್ದ. ಹೆಂಡತಿಯ ಮತ ಯಾವ ಕಡೆಗೆ ಬಿತ್ತೆಂದು ಕೇಳುವ ಧೈರ್ಯ ಅವನಿಗೆ ಇಂದಿಗೂ ಬಂದಿಲ್ಲ. ಆಮೇಲೆ ಆಲಿಕಲ್ಲು ಮಳೆಗೆ ಬೆಳೆವಿಮೆ ಮಾರಿದ. ಎರಡೂ ಕಸುಬಿನಲ್ಲಿ ಆಕಾಶದಿಂದ ಬರುವುದರ ಬಗ್ಗೆ ಜನರಿಗೆ ಎಚ್ಚರಿಕೆ ಕೊಡುವುದೇ ಕೆಲಸವಾದ್ದರಿಂದ ಹೊಸದಾಗಿ ಕಲಿಯಬೇಕಾದ್ದೇನೂ ಇರಲಿಲ್ಲ.

ಪ್ರಚಾರದ ಕಚೇರಿ ಡಿ ಮೊಯಿನ್ ನಗರದಲ್ಲಿ, ಬಾಗಿಲು ಮುಚ್ಚಿದ್ದ ಹಾಸಿಗೆ ಅಂಗಡಿಯೊಂದರಲ್ಲಿತ್ತು. ಅದರ ಮುಖ್ಯಸ್ಥೆ ಮೋನಾ ಡ್ರಿಸ್ಕಲ್ ಐದು ಚುನಾವಣೆ ಕಂಡವಳು, ಅವುಗಳಲ್ಲಿ ಒಂದನ್ನೂ ಯಾರ ಮೇಲೂ ಪ್ರೀತಿಯಿಂದ ನಡೆಸಿದವಳಲ್ಲ. ಎಲ್ಡನ್ ಕೆಲಸಕ್ಕೆ ಸೇರಿದ ದಿನವೇ ಅವಳು ಅವನ ಮುಂದೆ ಒಂದು ಹಾಳೆ ಇಟ್ಟಳು.

"ನೋಡು. ನಮ್ಮ ಗವರ್ನರ್‌ಗೆ ದೇವರ ಮೇಲೆ ನಂಬಿಕೆ ಇದೆ ಅಂತ ನಂಬೋರು ನೂರಕ್ಕೆ ಮೂವತ್ತೆಂಟು. ಕಾಕಸ್ ಹೊತ್ತಿಗೆ ಅರವತ್ತು ಆಗ್ಬೇಕು."

"ಅವರಿಗೆ ನಿಜವಾಗ್ಲೂ ನಂಬಿಕೆ ಇದೆಯಾ?" ಎಂದು ಎಲ್ಡನ್ ಕೇಳಿದ.

ಮೋನಾ ಹಾಳೆಯನ್ನು ತಿರುಗಿಸಿ ನೋಡಿದಳು. "ಆ ಪ್ರಶ್ನೆ ಕೇಳಿಲ್ಲ," ಎಂದಳು. "ಬೇಕಾದ್ರೆ ಮುಂದಿನ ಸಮೀಕ್ಷೇಲಿ ಸೇರಿಸೋಣ."

ಎಲ್ಡನ್ ಎರಡು ವಾರ ಕೂತು ಶ್ರದ್ಧಾ ಪ್ರದರ್ಶನದ ಮಾರ್ಗಸೂಚಿಯನ್ನು ಬರೆದ. ಪಾದ್ರಿಯಾಗಿದ್ದಾಗ ಇಷ್ಟು ಚೊಕ್ಕವಾಗಿ ಅವನು ಏನನ್ನೂ ಬರೆದಿರಲಿಲ್ಲ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚತಕ್ಕ ಅವಧಿ ಹನ್ನೊಂದು ಸೆಕೆಂಡು. ಕಡಿಮೆಯಾದರೆ ನಾಸ್ತಿಕನಂತೆ ಕಾಣುತ್ತದೆ, ಹೆಚ್ಚಾದರೆ ನಿದ್ದೆಯಂತೆ. ಇನ್ನು ಪಂಥಗಳು: ಪ್ರಾರ್ಥಿಸುವಾಗ ಲೂಥರನ್ನರ ಎದುರು ಕೈ ಎತ್ತಕೂಡದು. ಬ್ಯಾಪ್ಟಿಸ್ಟರ ಎದುರು ಭುಜದವರೆಗೆ ಎತ್ತಬಹುದು. ಪೆಂತೆಕೋಸ್ತರ ಎದುರು ಪೂರ್ತಿ ಎತ್ತತಕ್ಕದ್ದು, ಆದರೆ ಕೈಗಡಿಯಾರವನ್ನು ಮೊದಲೇ ಬಿಚ್ಚಿಡತಕ್ಕದ್ದು. ದೇವರು ತನ್ನೊಡನೆ ಮಾತಾಡಿದನೆಂದು ಹೇಳಲು ಅಡ್ಡಿಯಿಲ್ಲ. ಏನು ಮಾತಾಡಿದನೆಂದು ಹೇಳಲು ಮೋನಾ ಡ್ರಿಸ್ಕಲ್ ಅವರ ಲಿಖಿತ ಅನುಮತಿ ಬೇಕು.

ಇನ್ನು ಪಾಪದ ವಿಷಯ. ನಮ್ಮಲ್ಲಿ ಅಭ್ಯರ್ಥಿಯಾದವನಿಗೆ ದೇವರು ಸಿಕ್ಕಿದ ಕಥೆಯೊಂದು ಇರಬೇಕು, ಆ ಕಥೆಗೆ ಅದಕ್ಕೆ ಮುಂಚಿನ ಪಾಪವೊಂದು ಬೇಕು. ಗವರ್ನರ್ ಹ್ಯಾವರ್‌ಲಿ ದೊಡ್ಡ ಆಳು, ನಗುಮುಖದವರು, ಯಾರ ಜೊತೆಗೂ ಜಗಳವಾಡದವರು. ಹುಡುಕಿದರೂ ಅವರಲ್ಲಿ ಹೇಳಿಕೊಳ್ಳುವಂಥ ಪಾಪ ಸಿಗಲಿಲ್ಲ. ಕುಡಿತ ಆಗಬಹುದೆಂದು ಪ್ರಚಾರ ಸಮಿತಿ ಹೇಳಿತು, ಆದರೆ ಗವರ್ನರರಿಗೆ ಬಿಯರ್ ಕುಡಿದರೆ ಎದೆಯುರಿ. ಕಡೆಗೆ ಸಮೀಕ್ಷೆ ನಡೆಸಿ ಅಹಂಕಾರವೆಂಬ ಪಾಪವನ್ನು ಆರಿಸಲಾಯಿತು.

"ನನಗೆ ಅಹಂಕಾರ ಎಲ್ಲಿದೆ ಎಲ್ಡನ್?" ಎಂದರು ಗವರ್ನರ್. "ನನಗೆ ಗೊತ್ತಿರೋರಲ್ಲೆಲ್ಲ ನನ್ನಷ್ಟು ವಿನಯ ಇರೋನು ಇನ್ನೊಬ್ಬ ಇಲ್ಲ."

"ಅದನ್ನ ಹಾಗೇ ಹೇಳಿ ಸರ್. ಜನ ನಂಬ್ತಾರೆ," ಎಂದ ಎಲ್ಡನ್.

ಜನ ನಂಬಿದರು. ಡಿಸೆಂಬರ್ ಮೊದಲ ವಾರಕ್ಕೆ ಮೂವತ್ತೆಂಟು ಐವತ್ತೇಳಾಯಿತು. ಹದಿನಾಲ್ಕು ಮಂದಿ ಪಾದ್ರಿಗಳು ಸೇರಿ ಸಲಹಾ ಮಂಡಳಿ ಮಾಡಿಕೊಂಡು ಬೆಂಬಲ ಘೋಷಿಸಿದರು. ಮೋನಾ ಎಲ್ಡನ್‌ನ ಬೆನ್ನು ತಟ್ಟಿದಳು. ತಾನು ದೇವರ ಸೇವೆಯಲ್ಲಿದ್ದಷ್ಟು ಕಾಲ ಹದಿನಾಲ್ಕು ಪಾದ್ರಿಗಳು ಯಾವ ಮಾತಿಗೂ ಒಟ್ಟಿಗೆ ತಲೆಯಾಡಿಸಿದ್ದನ್ನು ಕಾಣದ ಎಲ್ಡನ್‌ಗೆ, ತನ್ನ ನಿಜವಾದ ಕರೆ ಇದೇ ಇರಬೇಕೆಂದು ಅನಿಸತೊಡಗಿತು.

ಆಮೇಲೆ ಹೋಲ್ಟನ್ ಕ್ರಾಸಿಂಗ್ ಎಂಬ ಊರಿನಲ್ಲಿ ಆ ಊಟ ನಡೆಯಿತು.

ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಸಭೆಯವರೆಲ್ಲ ಮನೆಯಿಂದ ಅಡುಗೆ ಮಾಡಿ ತಂದಿದ್ದರು. ಆಲೂಗಡ್ಡೆ, ಚೀಸು, ಕೊಚ್ಚಿದ ಮಾಂಸ ಸೇರಿಸಿ ಬೇಯಿಸಿದ್ದೇ ಒಂಬತ್ತು ಪಾತ್ರೆಯಿತ್ತು. ಕ್ಯಾರೆಟ್ ತುರಿ ಬೆರೆಸಿದ ಹಸಿರು ಜೆಲ್ಲಿ ಮೂರು ಬಗೆಯದಿತ್ತು. ಗವರ್ನರ್ ಎಲ್ಲವನ್ನೂ ಹೊಗಳಿ, ಎಲ್ಲರೊಡನೆ ಫೋಟೋ ತೆಗೆಸಿಕೊಂಡು ಸುಸ್ತಾಗಿ ಯಾರೂ ನೋಡದಾಗ ಅಡುಗೆಮನೆಗೆ ನುಗ್ಗಿದರು. ಎಲ್ಡನ್ ಹಿಂದೆಯೇ ಹೋದ. ಒಳಗೆ ಓಪಲ್ ಟೀಸನ್ ಎಂಬ ಎಂಬತ್ತನಾಲ್ಕರ ಮುದುಕಿ ಒಬ್ಬಳೇ ಪಾತ್ರೆ ತೊಳೆಯುತ್ತಿದ್ದಳು.

"ಯಾರಪ್ಪಾ ನೀನು? ಊಟ ಸಾಲ್ಲಿಲ್ವಾ?"

"ಸಾಕಾಯ್ತಮ್ಮ. ಒಂದು ನಿಮಿಷ ಉಸಿರು ಬಿಡೋಣ ಅಂತ ಬಂದೆ."

"ಉಸಿರು ಬಿಡ್ತಾನೇ ತಟ್ಟೆ ಒರೆಸ್ಬಹುದು," ಎಂದು ಮುದುಕಿ ಬಟ್ಟೆ ಕೈಗಿತ್ತಳು.

"ಅಮ್ಮ, ಇವರು ಅಧ್ಯಕ್ಷರಾಗೋಕೆ ನಿಂತಿದಾರೆ," ಎಂದ ಎಲ್ಡನ್.

"ಈ ಕಾಲದಲ್ಲಿ ಇಲ್ಲಿಗೆ ಬರೋರೆಲ್ಲ ಅದಕ್ಕೇ ನಿಂತಿರ್ತಾರೆ. ಹೋದ ವಾರದೋನು ಒಂದು ಲೋಟ ಒಡೆದ. ಹುಷಾರಾಗಿ ಒರೆಸಪ್ಪ." ಎರಡು ತಟ್ಟೆ ತೊಳೆದು ಕೊಟ್ಟ ಮೇಲೆ ಅವಳು ತಲೆಯೆತ್ತದೆ ಹೇಳಿದಳು: "ನನ್ನ ಯಜಮಾನ ವರ್ಜಿಲ್ ಆಸ್ಪತ್ರೇಲಿದಾನೆ. ಮೂರು ವಾರ ಆಯ್ತು. ನನ್ನನ್ನ ನರ್ಸು ಅಂದ್ಕೊಂಡಿದಾನೆ. ಒಳ್ಳೆ ನರ್ಸು ಅಂತಾನೆ. ಈಗ ಗುರುತು ಸಿಕ್ತು, ನೀನು ಟೀವೀಲಿ ಪ್ರಾರ್ಥನೆ ಮಾಡೋದು ನೋಡಿದೀನಿ. ಅವನಿಗೂ ಒಂದು ಮಾಡಿಬಿಡು."

ಗವರ್ನರ್ ಅಭ್ಯಾಸವಾದಂತೆ ತಲೆ ತಗ್ಗಿಸಿದರು. "ಪರಲೋಕದ ತಂದೆಯೇ, ಈ ಮಹಾನ್ ರಾಷ್ಟ್ರವನ್ನೂ ಅದರ ಶ್ರಮಜೀವಿಗಳನ್ನೂ..."

"ರಾಷ್ಟ್ರ ಇರ್ಲಿ ಬಿಡು," ಎಂದಳು ಮುದುಕಿ. "ವರ್ಜಿಲ್ ವಿಷಯ ಹೇಳು."

ಗವರ್ನರ್ ಕೈಯಲ್ಲಿ ಒದ್ದೆ ತಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತವರು ಅಲ್ಲಾಡಲಿಲ್ಲ. ಹನ್ನೊಂದು ಸೆಕೆಂಡು ದಾಟಿತು. ಎಲ್ಡನ್ ಮೆಲ್ಲಗೆ ಕೆಮ್ಮಿದ. ನಾಲ್ಕು ನಿಮಿಷ ಕಳೆದ ಮೇಲೆ ಗವರ್ನರ್ ಕಣ್ಣು ಬಿಟ್ಟಾಗ ಅವು ಕೆಂಪಾಗಿದ್ದವು. ಮುದುಕಿ, "ಆಯ್ತಪ್ಪಾ, ಉಪಕಾರವಾಯ್ತು," ಎಂದು ತಟ್ಟೆಯನ್ನು ತೆಗೆದುಕೊಂಡಳು. ಫೋಟೋಗ್ರಾಫರ್ ಆ ಹೊತ್ತಿನಲ್ಲಿ ಜೆಲ್ಲಿ ತಿನ್ನುತ್ತಿದ್ದುದರಿಂದ ಈ ಪ್ರಾರ್ಥನೆಗೆ ಯಾವ ದಾಖಲೆಯೂ ಇಲ್ಲ.

ಮರುದಿನ ಬಸ್ಸಿನಲ್ಲಿ ಗವರ್ನರ್ ಪವಿತ್ರ ಗ್ರಂಥವನ್ನು ಓದುತ್ತಾ ಕೂತಿದ್ದರು. ಅದನ್ನು ಕೈಯಲ್ಲಿ ಹಿಡಿಯಲೆಂದು ಕೊಡಲಾಗಿತ್ತೇ ಹೊರತು ಓದಲೆಂದು ಅಲ್ಲ.

"ಎಲ್ಡನ್, ಇಲ್ಲಿ ಬಾ. ಪ್ರಾರ್ಥನೆ ಮಾಡೋವಾಗ ಬೀದೀಲಿ ನಿಂತು ಊರಿಗೆಲ್ಲ ಕಾಣೋ ಹಾಗೆ ಮಾಡ್ಬೇಡ, ಕೋಣೆಗೆ ಹೋಗಿ ಬಾಗಿಲು ಹಾಕ್ಕೋ ಅಂತ ಯೇಸು ಹೇಳಿದಾರಂತೆ. ಇದು ಮೊದಲಿಂದ್ಲೂ ಇದರಲ್ಲಿ ಇತ್ತಾ?"

"ಇತ್ತು ಸರ್."

"ನನಗೆ ಯಾಕೆ ಹೇಳಲಿಲ್ಲ?"

"ನಮ್ಮ ಆಯ್ದ ವಚನಗಳ ಪಟ್ಟೀಲಿ ಅದು ಬಂದಿಲ್ಲ ಸರ್."

ಅಂದಿನಿಂದ ಗವರ್ನರ್ ವೇದಿಕೆಯ ಮೇಲೆ ಪ್ರಾರ್ಥಿಸುವುದನ್ನು ಬಿಟ್ಟರು. ಬಸ್ಸಿನಲ್ಲಿ ಬಾಗಿಲಿರುವ ಕೋಣೆಯೆಂದರೆ ಹಿಂಭಾಗದ ಶೌಚಾಲಯ ಒಂದೇ. ದಿನಕ್ಕೆ ಎರಡು ಸಲ ಅದರೊಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು, ಹೊರಗೆ 'ಒಳಗಿದ್ದಾರೆ' ಎಂಬ ಕೆಂಪು ಅಕ್ಷರ ಕಾಣಿಸಿಕೊಳ್ಳುತ್ತಿತ್ತು, ಅರ್ಧ ಗಂಟೆ ಹಾಗೇ ಇರುತ್ತಿತ್ತು. ಬಸ್ಸಿನಲ್ಲಿದ್ದ ಪತ್ರಕರ್ತರು ಗಡಿಯಾರ ನೋಡಿಕೊಂಡರು. ಮೂರನೆಯ ದಿನ ಮೋನಾ, ಗವರ್ನರರ ಹೊಟ್ಟೆ ಸಂಪೂರ್ಣ ಆರೋಗ್ಯವಾಗಿದೆ ಎಂದು ವೈದ್ಯರಿಂದ ಪ್ರಕಟಣೆ ಹೊರಡಿಸಬೇಕಾಯಿತು. ನಾಲ್ಕನೆಯ ದಿನ ಪತ್ರಕರ್ತರು ಎದುರಾಳಿ ಸೆನೆಟರ್ ವಿಂಟನ್‌ರ ಬಗ್ಗೆ ಕೇಳಿದ್ದಕ್ಕೆ ಗವರ್ನರ್, "ಆತ ಒಳ್ಳೆ ಮನುಷ್ಯ. ಅವನ ಮೇಲೆ ನಾವು ಹಾಕಿರೋ ಜಾಹೀರಾತು ಸುಳ್ಳು," ಎಂದರು. ಆ ವಾರ ಐವತ್ತೇಳು ಮೂವತ್ತೊಂದಕ್ಕೆ ಇಳಿಯಿತು. ಆ ಒಳ್ಳೆಯ ಮನುಷ್ಯ ಕೂಡಲೇ ಟೀವಿಯಲ್ಲಿ, "ಹ್ಯಾವರ್‌ಲಿ ಪ್ರಾರ್ಥನೆ ನಿಲ್ಲಿಸಿದ್ದೇಕೆ?" ಎಂದು ದಿನಕ್ಕೆ ನಲವತ್ತು ಸಲ ಕೇಳಿಸತೊಡಗಿದರು.

ಪಾದ್ರಿಗಳ ಸಲಹಾ ಮಂಡಳಿ ತುರ್ತು ಸಭೆ ಸೇರಿ ಹೇಳಿಕೆ ಕೊಟ್ಟಿತು: "ಗವರ್ನರರು ಯೇಸುವಿನ ಮಾತುಗಳನ್ನು ಸಂದರ್ಭದಿಂದ ಕಿತ್ತು ಪಾಲಿಸುತ್ತಿರುವುದು ನಮಗೆ ತೀವ್ರ ನೋವುಂಟುಮಾಡಿದೆ."

ಮೋನಾ ಎಲ್ಡನ್‌ನನ್ನು ಕರೆಸಿದಳು.

"ಏನಪ್ಪಾ ಇದು? ಏನಾಗಿದೆ ಆ ಮನುಷ್ಯನಿಗೆ?"

"ನಂಬಿಕೆ ಬಂದಿದೆ ಅಂತ ಕಾಣುತ್ತೆ."

"ಯಾರ ಅನುಮತಿ ತಗೊಂಡು ಬಂತು? ನಿನ್ನ ವಿಭಾಗದಲ್ಲಿ ತಾನೇ ಆಗಿರೋದು?" ಮೋನಾ ಕೂಗಾಡುವವಳಲ್ಲ. ಪೆನ್ಸಿಲ್ಲನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟಳು. "ಬಿಡಿಸು."

"ದೆವ್ವ ಹಿಡಿದ್ರೆ ಬಿಡಿಸೋಕೆ ನಮ್ಮಲ್ಲಿ ಕ್ರಮ ಇದೆ ಮೋನಾ. ದೇವರು ಹಿಡಿದ್ರೆ ಬಿಡಿಸೋಕೆ ಇಲ್ಲ."

"ಹಾಗಾದ್ರೆ ಒಂದು ಕ್ರಮ ಬರಿ. ಇಪ್ಪತ್ತು ದಿನ ಇದೆ. ಅವರು ಮನೆಗೆ ಹೋದ್ರೆ ನೀನೂ ಹೋಗ್ತೀಯ, ಮತ್ತೆ ಆಲಿಕಲ್ಲು."

ಮಾರನೆಯ ದಿನ ಬಸ್ಸು ಹಿಮ ಮುಚ್ಚಿದ ಜೋಳದ ಹೊಲಗಳ ನಡುವೆ ಹೋಗುತ್ತಿದ್ದಾಗ ಎಲ್ಡನ್ ಗವರ್ನರರ ಪಕ್ಕ ಹೋಗಿ ಕೂತ. ಹೇಳಬೇಕಾದ್ದನ್ನೆಲ್ಲ ಬರೆದುಕೊಂಡು ಬಂದಿದ್ದ. ದೇವರಿಗೆ ತಾಳ್ಮೆ ಹೆಚ್ಚು, ಮತದಾರನಿಗೆ ಕಡಿಮೆ. ಮೊದಲು ಗೆದ್ದು ಆಮೇಲೆ ನಂಬಬಹುದು. ಅಧ್ಯಕ್ಷರ ಮನೆಯಲ್ಲಿ ಬಾಗಿಲಿರುವ ಕೋಣೆಗಳು ಬೇಕಾದಷ್ಟಿವೆ. ಅವನು ಹಾಳೆ ಬಿಡಿಸುವ ಮೊದಲೇ ಗವರ್ನರ್ ಮಾತಾಡಿದರು.

"ಆ ಅಜ್ಜಿ ರಾಷ್ಟ್ರ ಬಿಡು ಅಂದಾಗ ನನ್ನ ಹತ್ರ ಹೇಳೋಕೆ ಏನೂ ಇರ್ಲಿಲ್ಲ ಎಲ್ಡನ್. ಐವತ್ತೆಂಟು ವರ್ಷ ಆಯ್ತು ನನಗೆ. ನನ್ನದು ಅಂತ ಒಂದು ಮಾತು ಇರ್ಲಿಲ್ಲ. ಸುಮ್ಮನೆ ನಿಂತೆ. ನಿಂತಿದ್ದಾಗ ಪಕ್ಕದಲ್ಲಿ ಯಾರೋ ಇದ್ದ ಹಾಗಾಯ್ತು."

"ನಾನೇ ಇದ್ದೆ ಸರ್."

"ನೀನಲ್ಲ," ಎಂದರು ಗವರ್ನರ್. "ನೀನು ಕಡೇ ಸಲ ಪ್ರಾರ್ಥನೆ ಮಾಡಿದ್ದು ಯಾವಾಗ?"

"ಕೆಲಸದ ಹೊರಗಾ?"

"ಹೊರಗೆ."

ಎಲ್ಡನ್ ಲೆಕ್ಕ ಹಾಕಿದ. ಸಭೆಯವರು ಮತ ಹಾಕಿದ ದಿನ, ಎಣಿಕೆ ಮುಗಿಯುವ ಮೊದಲು. "ಒಂಬತ್ತು ವರ್ಷ ಆಗಿರ್ಬೇಕು ಸರ್."

"ಬಾ ಹಾಗಾದ್ರೆ," ಎಂದು ಗವರ್ನರ್ ಎದ್ದರು.

ಬಸ್ಸಿನ ಶೌಚಾಲಯವನ್ನು ಇಬ್ಬರು ದೊಡ್ಡ ಗಂಡಸರಿಗಾಗಿ ಕಟ್ಟಿರುವುದಿಲ್ಲ. ಗವರ್ನರ್ ಮುಚ್ಚಳ ಹಾಕಿ ಅದರ ಮೇಲೆ ಮೊಣಕೈ ಊರಿ ಮಂಡಿಯೂರಿದರು. ಎಲ್ಡನ್ ಕೈತೊಳೆಯುವ ಬೋಗುಣಿಗೂ ಬಾಗಿಲಿಗೂ ನಡುವೆ ಅರ್ಧ ಕೂತು ಅರ್ಧ ನಿಂತು ಕಣ್ಣು ಮುಚ್ಚಿದ. ಏನಾದರೂ ಹೇಳಬೇಕೆಂದು ಅವನಿಗೆ ನಿಜವಾಗಿಯೂ ಅನಿಸಿತು. ಹೆಂಡತಿಯ ಮುಖ ನೆನಪಾಯಿತು. ತನ್ನನ್ನು ಕಳಿಸಿಕೊಟ್ಟ ಮೂವತ್ತೊಂದು ಮಂದಿಯ ಹೆಸರು ಒಂದೊಂದಾಗಿ ನೆನಪಾಯಿತು. ಅಷ್ಟರಲ್ಲಿ, ಈ ಜಾಗದಲ್ಲಿ ಕ್ಯಾಮರಾ ಎಲ್ಲಿ ನಿಲ್ಲಬಹುದು ಎಂಬ ಯೋಚನೆ ಬಂತು. ಅದನ್ನು ತಳ್ಳಿದ. ಅದು ಮತ್ತೆ ಬಂತು. ಒಳಗೆ ಜಾಗವಿಲ್ಲ, ಹೊರಗಿನಿಂದಲೇ ತೆಗೆಯಬೇಕು, ಹೊರಗಿನಿಂದ ತೆಗೆದರೆ ಬಾಗಿಲು ಮಾತ್ರ ಬರುತ್ತದೆ...

ಎಲ್ಡನ್ ಕಣ್ಣು ಬಿಟ್ಟ. ಒಂಬತ್ತು ವರ್ಷದ ಮೇಲೆ ಬೇಡಿಕೊಳ್ಳಲು ಕೂತವನಿಗೆ ಸಿಕ್ಕಿದ ವರ ಅದೊಂದೇ. ದೇವರಿಗೆ ತನ್ನ ಯೋಗ್ಯತೆ ಸರಿಯಾಗಿಯೇ ಗೊತ್ತಿದೆ ಎಂದುಕೊಂಡ.

ಗವರ್ನರ್ ಒಳಗಿರುವಾಗಲೇ ಹೊರಗೆ ಬಂದು ಅವನು ತೆಗೆಸಿದ ಫೋಟೋ ಅಂದು ಸಂಜೆಯೇ ಪ್ರಕಟವಾಯಿತು. ಮಾಸಿದ ಬೂದು ಬಾಗಿಲು, ಕೆಳಗಿನ ಸಂದಿಯಲ್ಲಿ ಬೆಳಕಿನ ಗೆರೆ, ಚಿಲಕದ ಮೇಲೆ ಕೆಂಪು ಅಕ್ಷರ. ಅಡಿಯಲ್ಲಿ ಒಂದೇ ಸಾಲು: "ಅವರು ಯಾರಿಗೂ ಕಾಣದಂತೆ ಪ್ರಾರ್ಥಿಸುತ್ತಾರೆ." ಅದು ಶೌಚಾಲಯವೆಂದು ಹೇಳಬೇಕೇ ಬೇಡವೇ ಎಂದು ಮೋನಾ ಹಿಂದೆಮುಂದೆ ನೋಡಿದಳು. ಹೇಳುವ ಅಗತ್ಯ ಬರಲಿಲ್ಲ. ಭಾನುವಾರದ ಹೊತ್ತಿಗೆ ಪಾದ್ರಿಗಳ ಮಂಡಳಿಯ ಹದಿನಾಲ್ಕೂ ಚರ್ಚುಗಳಲ್ಲಿ 'ಒಳಗಿದ್ದಾರೆ' ಎಂಬ ಪದದ ಮೇಲೆ ಉಪದೇಶ ನಡೆಯಿತು. ಒಳಗಿರುವವರು ಯಾರು, ಎಷ್ಟು ಜನ ಎಂಬುದರ ಮೇಲೆ ಬ್ಯಾಪ್ಟಿಸ್ಟರಿಗೂ ಪೆಂತೆಕೋಸ್ತರಿಗೂ ಸಣ್ಣ ಭಿನ್ನಾಭಿಪ್ರಾಯ ಬಂದದ್ದು ಬಿಟ್ಟರೆ ಉಳಿದೆಲ್ಲ ಸುಗಮವಾಗಿತ್ತು.

ಸೋಮವಾರ ಗವರ್ನರ್ ಎಲ್ಡನ್‌ನನ್ನು ಕರೆಸಿದರು. ಪತ್ರಿಕೆ ಅವರ ತೊಡೆಯ ಮೇಲಿತ್ತು. ಮುಖದಲ್ಲಿ ಎಂದಿನ ನಗು ಇರಲಿಲ್ಲ.

"ನಾನು ಒಳಗಿದ್ದೆ ಎಲ್ಡನ್."

"ನಿಮ್ಮ ಫೋಟೋ ತೆಗೆದಿಲ್ಲ ಸರ್. ಬಾಗಿಲಿನದು."

"ಒಳಗೆ ಪ್ರಾರ್ಥನೆ ಮಾಡೋದನ್ನ ನಿನಗೆ ಹೇಳಿದ್ದೆ. ನಿನಗೊಬ್ಬನಿಗೇ ಹೇಳಿದ್ದೆ."

ಎಲ್ಡನ್ ತಲೆ ತಗ್ಗಿಸಿದ. ಇನ್ನು ತನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಅವನಿಗೆ ಖಾತ್ರಿಯಾಯಿತು. ಅವನಿಗೇ ಆಶ್ಚರ್ಯವಾಗುವಂತೆ, ತೆಗೆದರೆ ಚೆನ್ನಾಗಿರುತ್ತದೆ ಎಂದೂ ಅನಿಸಿತು. ಮತ್ತೆ ಊರೂರು ತಿರುಗಿ ರೈತರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಆಲಿಕಲ್ಲಿನ ಮಾತಾಡುತ್ತಿರುವ ತನ್ನನ್ನೇ ಕಂಡು, ಆ ಮನುಷ್ಯ ಪರವಾಗಿಲ್ಲ ಎನಿಸಿತು. ತೆಗೆದುಬಿಡಿ ಎಂದು ಒಳಗೊಳಗೇ ಬೇಡಿಕೊಂಡ. ಅದು ಪ್ರಾರ್ಥನೆಯೇ ಆಗಿತ್ತೆಂಬುದು ಅವನಿಗೆ ಹೊಳೆಯಲಿಲ್ಲ.

ಗವರ್ನರ್ ಪತ್ರಿಕೆಯನ್ನು ಕೈಗೆತ್ತಿಕೊಂಡರು.

"ಎಷ್ಟು ಬಂದಿದೆ?"

"ಏನು ಸರ್?"

"ಸಮೀಕ್ಷೇಲಿ."

"ಅರವತ್ತೊಂಬತ್ತು ಸರ್."

ಗವರ್ನರ್ ಪತ್ರಿಕೆಯನ್ನು ಸ್ವಲ್ಪ ದೂರ ಹಿಡಿದರು, ಹತ್ತಿರ ಹಿಡಿದರು. ಆಮೇಲೆ ಹೆಬ್ಬೆರಳಿನಿಂದ ಫೋಟೋದ ಒಂದು ಮೂಲೆಯನ್ನು ಒರೆಸಿದರು.

"ಇಲ್ಲಿ ಬಣ್ಣ ಎದ್ದಿದೆ ನೋಡು," ಎಂದರು. "ಚೆನ್ನಾಗಿ ಕಾಣಲ್ಲ."

ಬಸ್ಸಿನ ಶೌಚಾಲಯದ ಬಾಗಿಲಿಗೆ ಬಣ್ಣ ಹೊಡೆಸಲಾಯಿತು. ಬಸ್ಸು ಹೋಗಲಾಗದ ಸಭಾಂಗಣಗಳಿಗೆಂದು ಅಂಥದೇ ಇನ್ನೊಂದು ಬಾಗಿಲನ್ನು ಬಡಗಿಯಿಂದ ಮಾಡಿಸಲಾಯಿತು. ಓಕ್ ಮರದ್ದು, ಚೌಕಟ್ಟಿಗೆ ಚಕ್ರ ಇತ್ತು, ಕೆಂಪು ಅಕ್ಷರದ ಹಿಂದೆ ದೀಪ ಇತ್ತು. ವಾರದೊಳಗೆ ಸೆನೆಟರ್ ವಿಂಟನ್ ತಮ್ಮದೊಂದು ಬಾಗಿಲು ತಂದರು. ಅದಕ್ಕೆ ಎರಡು ಚಿಲಕವಿತ್ತು. ಕಡೆಯ ಚರ್ಚಾಕೂಟದ ಹೊತ್ತಿಗೆ ಐವರು ಅಭ್ಯರ್ಥಿಗಳಿಗೂ ಬಾಗಿಲಿದ್ದುದರಿಂದ ಸಂಘಟಕರು ಸೂಚನೆ ಹೊರಡಿಸಿದರು: "ಪ್ರತಿ ಅಭ್ಯರ್ಥಿಯೂ ಒಂದು ಬಾಗಿಲನ್ನು ಮಾತ್ರ ತರತಕ್ಕದ್ದು. ಬಾಗಿಲಿನ ಎತ್ತರ ಏಳು ಅಡಿ ಮೀರಕೂಡದು. ಒಳಗಿನಿಂದ ಅಳು, ಸಂಗೀತ ಇತ್ಯಾದಿ ಕೇಳಿಸಕೂಡದು. ಏಕಾಂತ ಪ್ರಾರ್ಥನೆಯು ನೇರ ಪ್ರಸಾರವಾಗುವುದು." ಅಂದು ಐವರೂ ಏಕಕಾಲಕ್ಕೆ ತಮ್ಮ ತಮ್ಮ ಬಾಗಿಲಿನ ಹಿಂದೆ ಹೋಗಿ ಮರೆಯಾದರು. ಖಾಲಿ ವೇದಿಕೆಯನ್ನು ಕೋಟ್ಯಂತರ ಜನ ಮೂರು ನಿಮಿಷ ಎವೆಯಿಕ್ಕದೆ ನೋಡಿದರು. ಅಷ್ಟು ಒಳ್ಳೆಯ ಚರ್ಚೆ ಈಚಿನ ವರ್ಷಗಳಲ್ಲಿ ನಡೆದಿರಲಿಲ್ಲವೆಂದು ಪತ್ರಿಕೆಗಳು ಬರೆದವು.

ಕಾಕಸ್‌ನಲ್ಲಿ ಹ್ಯಾವರ್‌ಲಿ ಗೆದ್ದರು. ಎಲ್ಡನ್‌ಗೆ ಬಡ್ತಿ ಸಿಕ್ಕಿತು. ಈಗ ಅವನ ಹುದ್ದೆ ಶ್ರದ್ಧೆ ಮತ್ತು ಬಾಗಿಲುಗಳ ರಾಷ್ಟ್ರೀಯ ನಿರ್ದೇಶಕ. ಅಭಿನಂದನೆ ಹೇಳಲು ಫೋನ್ ಮಾಡಿದ ಹೆಂಡತಿ, "ನಿನಗೆ ಸಂತೋಷ ತಾನೇ?" ಎಂದಳು. ಮೂವತ್ತೆಂಟರಿಂದ ಎಪ್ಪತ್ತನಾಲ್ಕಕ್ಕೆ ಹೋಗಿದೆ ಎಂದು ಅವನು ಉತ್ತರ ಕೊಟ್ಟ.

ವಿಜಯೋತ್ಸವದ ಸಭೆಯಲ್ಲಿ ಆರು ಸಾವಿರ ಜನ ಸೇರಿದ್ದರು. ಗವರ್ನರ್ ಎಲ್ಲರಿಗೂ ಕೈಬೀಸಿ, ಬಾಗಿಲು ತೆರೆದು ಆ ಕಡೆ ಹೋಗಿ ಮುಚ್ಚಿಕೊಂಡರು. ಕೆಂಪು ಅಕ್ಷರ ಹೊತ್ತಿಕೊಂಡಿತು. ಸಭೆ ನಿಶ್ಶಬ್ದವಾಯಿತು. ಮುಂದಿನ ಸಾಲಿನಲ್ಲಿ ಹೆಂಗಸರು ಕರವಸ್ತ್ರ ತೆಗೆದರು, ಗಂಡಸರು ಟೋಪಿ ತೆಗೆದರು, ಮೋನಾ ಡ್ರಿಸ್ಕಲ್ ಕೂಡ ಕಣ್ಣೊರೆಸಿಕೊಂಡಳು.

ಬಾಗಿಲಿನ ಆ ಕಡೆ ಕೋಣೆಯೇನೂ ಇರಲಿಲ್ಲ. ಪರದೆಯ ಮರೆಯಲ್ಲಿ, ವೇದಿಕೆಯ ಹಿಂಭಾಗದ ಖಾಲಿ ಹಲಗೆಯ ಮೇಲೆ ಗವರ್ನರ್ ನಿಂತಿದ್ದರು, ಎರಡು ಹೆಜ್ಜೆ ಆಚೆ ಎಲ್ಡನ್ ಗಡಿಯಾರ ಹಿಡಿದು ನಿಂತಿದ್ದ. ಗವರ್ನರ್ ಒಂದು ಗಳಿಗೆ ಕಣ್ಣು ಮುಚ್ಚಿದರು. ಏನನ್ನೋ ಹುಡುಕುವವರಂತೆ ಹುಬ್ಬು ಗಂಟಿಕ್ಕಿದರು. ಆಮೇಲೆ ಕಣ್ಣು ಬಿಟ್ಟು, ಕೊರಳಪಟ್ಟಿ ಸರಿಮಾಡಿಕೊಂಡು, ಎಲ್ಡನ್ ಕಡೆಗೆ ಬಾಗಿದರು.

"ಸಾಕಾ?" ಎಂದು ಮೆಲ್ಲಗೆ ಕೇಳಿದರು.

ಎಲ್ಡನ್ ಪರದೆಯ ಸಂದಿಯಿಂದ ಸಭೆಯನ್ನು ನೋಡಿದ.

"ಇನ್ನೊಂದು ಸ್ವಲ್ಪ ಹೊತ್ತು ಸರ್," ಎಂದ. "ಜನ ಅಳ್ತಾ ಇದಾರೆ."